ಒಂಬತ್ತು ದನ, ಎರಡು ಹುಲಿ: ‘ಹರಸಾಹಸಪಟ್ಟೆ’ ಅನ್ನೋದಕ್ಕೆ ಕ್ಯಾಂಟನೀಸ್‌ನಲ್ಲಿ ಏನಂತಾರೆ?

ಓದುಗರ ಪ್ರಶ್ನೆ: ಕ್ಯಾಂಟನೀಸ್ ಕಲಿಯುತ್ತಿದ್ದೇನೆ. ತುಂಬಾ ಕಷ್ಟಪಟ್ಟೆ ಅನ್ನೋದಕ್ಕೆ ಹಾಂಗ್‌ಕಾಂಗ್‌ನವರು ದನ, ಹುಲಿ ಅಂತ ಏನೋ ಹೇಳ್ತಾರಂತೆ. ಏನದು?

‘ಛೊತ್ ಚೊನ್ ಕೌ ಙೌ ಯಿ ಫೂ ಚಿ ಲಿಕ್’. ಒಂಬತ್ತು ದನ, ಎರಡು ಹುಲಿಯ ಶಕ್ತಿಯನ್ನೆಲ್ಲ ಸುರಿದೆ ಅಂತ ಅರ್ಥ. ‘ಕೌ’ ಒಂಬತ್ತು, ‘ಙೌ’ ದನ (ಹಸುವೂ ಅದೇ, ಎತ್ತೂ ಅದೇ), ‘ಫೂ’ ಹುಲಿ, ‘ಲಿಕ್’ ಶಕ್ತಿ. ಸರಿಯಾಗಿ ಒಂಬತ್ತೇ ಯಾಕೆ ಅಂತ ಲೆಕ್ಕ ಹಾಕಬೇಡಿ, ಚೀನೀ ನುಡಿಗಟ್ಟುಗಳಲ್ಲಿ ಒಂಬತ್ತು ಅಂದರೆ ಸುಮ್ನೆ ‘ಬಹಳ’. ದನ-ಹುಲಿಯ ಈ ಮಾತು ಮ್ಯಾಂಡರಿನ್‌ನಲ್ಲೂ ಇದೆ.

ಇದನ್ನು ಜಾಸ್ತಿ ಬಳಸೋದು ಕೆಲಸ ಮುಗಿದ ಮೇಲೆ, ಪಟ್ಟ ಪಾಡು ಹೇಳಿಕೊಳ್ಳುವಾಗ. ಲಿಫ್ಟ್ ಇಲ್ಲದ ಹಳೇ ‘ಥೊಂಗ್ ಲೌ’ ಕಟ್ಟಡದ ಐದನೇ ಮಹಡಿಗೆ ಫ್ರಿಜ್ ಹೊತ್ತು ಹಾಕಿ, ಏದುಸಿರು ಬಿಡುತ್ತಾ ಹೇಳುವ ಮಾತು ಇದು. ಹಿಂದೆಯೇ ‘ಸಿನ್’ ಅಂತ ಸೇರಿಸುತ್ತಾರೆ, ಅಂದರೆ ‘ಇಷ್ಟೆಲ್ಲ ಆದಮೇಲೆ ಕೊನೆಗೂ’. ದಿನನಿತ್ಯದ ದುಡಿಮೆಗೆ ಇಷ್ಟುದ್ದ ಬೇಡ, ‘ಪೊಕ್ ಮೆಂಗ್’ ಸಾಕು. ಜೀವ ಪಣಕ್ಕಿಟ್ಟು ಅಂತ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಒಂದನೇ ಕ್ಲಾಸಲ್ಲಿ ತಿದ್ದಿ, ಆಮೇಲೆ ಎಲ್ಲೂ ಕೆಲಸಕ್ಕೆ ಬಾರದೆ ಕೂತಿದ್ದ ಆ ‘ಙ’ ಇದೆಯಲ್ಲ, ‘ಙೌ’ ಅನ್ನುವಾಗ ಅದೇ ಬೇಕು. ತಮಾಷೆ ಅಂದರೆ ಹಾಂಗ್‌ಕಾಂಗ್‌ನಲ್ಲೇ ಎಷ್ಟೋ ಜನ ಅದನ್ನು ಬಿಟ್ಟು ಬರೀ ‘ಔ’ ಅಂತಾರೆ, ಹಿರಿಯರು ಅದಕ್ಕೆ ‘ಲಾನ್ ಯಮ್’, ಸೋಮಾರಿ ಉಚ್ಚಾರ, ಅಂತ ಬೈಯುತ್ತಾರೆ. ‘ಲಿಕ್’ನ ಕೊನೆಯ ‘ಕ್’ ಮಾತ್ರ ನಾವು ಒತ್ತಿ ಹೇಳುವ ಹಾಗಲ್ಲ, ಗಂಟಲಲ್ಲೇ ನುಂಗಬೇಕು. ಕಷ್ಟ ಇರೋದು ಆರು ಸ್ವರಗಳಲ್ಲಿ (ಅಆಇಈ ಅಲ್ಲ, ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಟೋನ್). ಸ್ವರ ಸರಿಯಾಗಿ ಹಿಡಿದರೂ ‘ಕೌ’ ಅಂದರೆ ಒಂಬತ್ತೂ ಹೌದು, ನಾಯಿಯೂ ಹೌದು, ಎರಡಕ್ಕೂ ಒಂದೇ ಉಚ್ಚಾರ! ಇನ್ನು ಅವರು ‘ನಾಯ್’ ಅಂದರೆ ಅದು ಹಾಲು.

ಅಂದಹಾಗೆ, ಬೇರೆಯವರನ್ನು ಹುರಿದುಂಬಿಸೋಕೆ ದನ-ಹುಲಿ ತರಬೇಡಿ. ಅದಕ್ಕೆ ‘ಕಾ ಯೌ’ ಇದೆ. ಪದಕ್ಕೆ ಪದ ಇಟ್ಟರೆ ‘ಎಣ್ಣೆ ಹಾಕು’. ನಮ್ಮ ಗೆಳೆಯರಿಗೆ ಹಾಗೇ ಅನುವಾದ ಮಾಡಿ ಹೇಳಿದರೆ ಪರೀಕ್ಷೆಗೆ ಓದೋದು ಬಿಟ್ಟು ಬಾರ್‌ಗೆ ಹೊರಟಾರು.