ಪುಂಡಿ ನಾರು ಎಷ್ಟು ಕೊಳೆಯಬೇಕು?

ಉತ್ತರ ಕರ್ನಾಟಕದಲ್ಲಿ ಪುಂಡಿ ಪಲ್ಯ ಗೊತ್ತಿಲ್ಲದವರು ಸಿಗಲಿಕ್ಕಿಲ್ಲ. ಜೋಳದ ನುಚ್ಚು ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿ ಎರಡು ಜಾಸ್ತಿನೇ ಬೇಕು. ಅದೇ ಗಿಡದ ದಂಟಿನಲ್ಲಿ ಹಗ್ಗವೂ ಇದೆ. ಎತ್ತಿನ ಕಣ್ಣಿ, ಬಾವಿಯ ಹಗ್ಗ, ಗಡಿಗೆ ತೂಗುವ ನೆಲುವು ಎಲ್ಲಾ ಹೊಲದಂಚಿನ ಪುಂಡಿಯಿಂದಲೇ ಆಗುತ್ತಿದ್ದ ಕಾಲವಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ 'ಡೆಕ್ಕನ್ ಹೆಂಪ್' ಎಂಬ ಹೆಸರೂ ಇದೆ. ಆದರೆ ನಿಜವಾದ ಹೆಂಪ್ ಗಾಂಜಾ ಜಾತಿಯದು, ಪುಂಡಿ ದಾಸವಾಳ, ಬೆಂಡೆ, ಹತ್ತಿಯ ಬಳಗದ್ದು. ಎಲೆ ಮಾತ್ರ ಗಾಂಜಾ ಎಲೆಯ ಹಾಗೆ ಬೆರಳು ಬೆರಳಾಗಿ ಸೀಳಿರುತ್ತದೆ. ಹಿಬಿಸ್ಕಸ್ ಕ್ಯಾನಬಿನಸ್ ಎಂಬ ಹೆಸರು ಬಂದದ್ದು ಆ ಹೋಲಿಕೆಯಿಂದಲೇ.

ನಾರಿಗೆ ಬೇಕಾದರೆ ಮುಂಗಾರಿನಲ್ಲೇ ಒತ್ತಾಗಿ ಬಿತ್ತಬೇಕು. ಒತ್ತಾಗಿದ್ದರೆ ಗಿಡ ಕವಲೊಡೆಯದೆ ನೆಟ್ಟಗೆ ಏಳುತ್ತದೆ. ಹಗಲು ದೊಡ್ಡದಿರುವಷ್ಟು ದಿನ ಎತ್ತರಕ್ಕೆ ಬೆಳೆದು, ಹಗಲು ಚಿಕ್ಕದಾಗುತ್ತಿದ್ದಂತೆ ಹೂ ಬಿಡುತ್ತದೆ. ತಡವಾಗಿ ಬಿತ್ತಿದರೆ ದಂಟು ಗಿಡ್ಡ. ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕೊಯ್ಯಬೇಕು. ಆಮೇಲೆ ನಾರು ಒರಟಾಗುತ್ತದೆ.

ಹಸಿ ದಂಟೊಂದನ್ನು ಮುರಿದು ನೋಡಿ. ಒಳಗಿನ ಬಿಳಿ ಕಡ್ಡಿ ಲಟಕ್ಕನೆ ಮುರಿಯುತ್ತದೆ, ಸಿಪ್ಪೆ ಮಾತ್ರ ಹರಿಯದೆ ನೇತಾಡುತ್ತದೆ. ನಾರಿರುವುದು ಆ ಸಿಪ್ಪೆಯಲ್ಲಿ. ಅದರ ಒಂದೊಂದು ಎಳೆ ಆಳುದ್ದ ಇದ್ದರೂ ಎಳೆಯನ್ನು ಕಟ್ಟಿರುವ ಜೀವಕೋಶಗಳ ಉದ್ದ 2ರಿಂದ 3 ಮಿ.ಮೀ. ಅಷ್ಟೇ. ಪೆಕ್ಟಿನ್, ಲಿಗ್ನಿನ್ ಎಂಬ ಅಂಟುಗಳು ಅವನ್ನು ತುದಿಗೆ ತುದಿ ಸೇರಿಸಿ ಹಿಡಿದಿರುತ್ತವೆ. ಸಿಪ್ಪೆ ಕಡ್ಡಿಗೆ ಅಂಟಿಕೊಂಡಿರುವುದೂ ಇಂಥ ಅಂಟಿನಿಂದಲೇ.

ಕಂತೆ ಕಟ್ಟಿ ಹಳ್ಳದ ಮಡುವಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರುವುದು ಈ ಅಂಟು ಬಿಡಿಸಲಿಕ್ಕಾಗಿಯೇ. ನೀರಿನ ಬ್ಯಾಕ್ಟೀರಿಯಾಗಳು ದಂಟಿನೊಳಗೆ ಸೇರಿ ಮೊದಲು ಮೆತ್ತಗಿನ ಪೆಕ್ಟಿನ್ ತಿನ್ನುತ್ತವೆ. ನಾರಿನ ಕೋಶಗಳ ಗೋಡೆಯಲ್ಲಿರುವ ಗಟ್ಟಿ ಸೆಲ್ಯುಲೋಸ್ ಅಷ್ಟು ಬೇಗ ಅವಕ್ಕೆ ದಕ್ಕುವುದಿಲ್ಲ. ಈ ನಡುವಿನ ಸಮಯದಲ್ಲೇ ನಮಗೆ ನಾರು ಸಿಗುವುದು. ಬೇಗ ತೆಗೆದರೆ ಸಿಪ್ಪೆ ಕಡ್ಡಿ ಬಿಡುವುದಿಲ್ಲ. ತಡ ಮಾಡಿದರೆ ಕೋಶಗಳನ್ನು ಹಿಡಿದ ಅಂಟೂ ಹೋಗಿ ನಾರು ಪುಡಿಯಾಗುತ್ತದೆ. ಗಾಂಜಾ ಹೆಂಪಿನ ಕೋಶಗಳು ಇದರ ಹಲವು ಪಟ್ಟು ಉದ್ದ, ಹಾಗಾಗಿ ಅದು ಸ್ವಲ್ಪ ತಡೆದುಕೊಳ್ಳುತ್ತದೆ. ಪುಂಡಿಗೆ ಆ ಸೌಲಭ್ಯವಿಲ್ಲ.

ನೀರು ಬೆಚ್ಚಗಿದ್ದರೆ ಹತ್ತು ಹನ್ನೆರಡು ದಿನ ಸಾಕು, ತಣ್ಣಗಿದ್ದರೆ ಇಪ್ಪತ್ತಾದರೂ ಆಗಬಹುದು. ಕ್ಯಾಲೆಂಡರ್ ನಂಬಿ ಕೂರುವಂತಿಲ್ಲ. ದಿನಾ ಒಂದು ದಂಟು ಎತ್ತಿ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಸಿಪ್ಪೆ ಜಾರಿ ಬಂದರೆ ಅವತ್ತೇ ಹೊರತೆಗೆಯಬೇಕು. ಯಾವ ಉಪಕರಣವೂ ಇಲ್ಲದೆ ಈ ಹದ ಕಂಡುಕೊಂಡ ರೈತರ ಬಗ್ಗೆ ನನಗೆ ತುಂಬಾ ಗೌರವ.

ಮಡುವಿಗೆ ಮಾತ್ರ ಇದು ಒಳ್ಳೆಯದಲ್ಲ. ಬ್ಯಾಕ್ಟೀರಿಯಾಗಳು ಆಮ್ಲಜನಕ ಖಾಲಿ ಮಾಡುತ್ತವೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತವೆ. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಕೇಂದ್ರೀಯ ಸೆಣಬು ಸಂಶೋಧನಾ ಸಂಸ್ಥೆ ಆಯ್ದ ಬ್ಯಾಕ್ಟೀರಿಯಾಗಳ 'ಕ್ರಿಜಾಫ್ ಸೋನಾ' ಎಂಬ ಪುಡಿ ತಯಾರಿಸಿದೆ. ಸೆಣಬು, ಪುಂಡಿಯ ಕಂತೆಗಳ ಮೇಲೆ ಉದುರಿಸಿದರೆ ಕೊಳೆಯುವ ಕೆಲಸ ಐದಾರು ದಿನ ಮೊದಲೇ ಮುಗಿಯುತ್ತದೆ. ಇನ್ನೊಂದು ದಾರಿ ಹಸಿ ಇರುವಾಗಲೇ ಸಿಪ್ಪೆ ಸುಲಿದು ಅದನ್ನಷ್ಟೇ ನೆನೆಹಾಕುವುದು. ಇದಕ್ಕೆ ಹಳ್ಳವೇ ಬೇಕಿಲ್ಲ, ಹಿತ್ತಲಿನ ತೊಟ್ಟಿ ಸಾಕು.

ಈ ಸಲ ಪಲ್ಯಕ್ಕೆ ಪುಂಡಿ ಬಿತ್ತಿದರೆ ಹತ್ತು ಗಿಡ ಹಾಗೇ ಬಿಡಿ. ಹೂ ಬಂದಾಗ ಕೊಯ್ದು, ಸಿಪ್ಪೆ ಸುಲಿದು ಬಕೆಟ್ಟಿನಲ್ಲಿ ಮುಳುಗಿಸಿಡಿ. ಒಂದು ವಾರದ ಮೇಲೆ ದಿನಾ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿರಿ.