4.2 ಕೋಟಿ ಟನ್: ಕ್ಯಾಲಿಫೋರ್ನಿಯಾದ ಕರೆಂಟಿಗೆ ಗುರಿ ಇಟ್ಟ ಕಥೆ

2018ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ (ಖಾಸಗಿ ವಿದ್ಯುತ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ಒಂದು ಸಂಖ್ಯೆಯನ್ನು ಒಪ್ಪಿಕೊಂಡಿತು. 2030ರ ಹೊತ್ತಿಗೆ ಇಡೀ ರಾಜ್ಯದ ವಿದ್ಯುತ್ ವಲಯದಿಂದ ವರ್ಷಕ್ಕೆ 4.2 ಕೋಟಿ ಟನ್‌ಗಿಂತ ಹೆಚ್ಚು ಹಸಿರುಮನೆ ಅನಿಲ ಹೊರಬರಬಾರದು ಎಂಬ ಗುರಿ ಅದು. 1990ರಲ್ಲಿ ಇದೇ ವಲಯದ ಲೆಕ್ಕ ಸುಮಾರು 10.8 ಕೋಟಿ ಟನ್ ಇತ್ತು.

4.2 ಯಾಕೆ? 3 ಯಾಕಲ್ಲ, 5 ಯಾಕಲ್ಲ? ಇದು ವಿಜ್ಞಾನಿಗಳು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಂತ ಅನ್ನಿಸುತ್ತದೆ. ಲೆಕ್ಕವೇನೋ ಇದೆ. ಆದರೆ ಅದಕ್ಕಿಂತ ಜಾಸ್ತಿ ಇರುವುದು ಚೌಕಾಸಿ. ಯಾವುದನ್ನು ಎಣಿಸಬೇಕು, ಹೇಗೆ ಎಣಿಸಬೇಕು, ಯಾರ ತಲೆಗೆ ಎಷ್ಟು ಕಟ್ಟಬೇಕು ಎಂಬ ಜಗಳ ಅದಕ್ಕೂ ಮೊದಲೇ ಹತ್ತು-ಹನ್ನೆರಡು ವರ್ಷ ನಡೆದಿತ್ತು.

ಶುರುವಾದದ್ದು 2006ರಲ್ಲಿ. ಆಗ ಗವರ್ನರ್ ಆಗಿದ್ದವರು ಆರ್ನಾಲ್ಡ್ ಶ್ವಾರ್ಜ್‌ನೆಗರ್. ಅವರು ಸಹಿ ಹಾಕಿದ ಎಬಿ 32 ಕಾಯ್ದೆ, 2020ರೊಳಗೆ ರಾಜ್ಯದ ಒಟ್ಟು ಹೊರಸೂಸುವಿಕೆ 1990ರ ಮಟ್ಟಕ್ಕೆ ಇಳಿಯಬೇಕು ಎಂದಿತು. ಹೇಗೆ ಇಳಿಸಬೇಕು ಎಂದು ದಾರಿ ಹುಡುಕುವ ಕೆಲಸ ವಾಯು ಮಾಲಿನ್ಯ ನೋಡಿಕೊಳ್ಳುವ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್‌ಗೆ ಬಿತ್ತು. ವಾಹನ, ಕಾರ್ಖಾನೆ, ಹೊಲ, ಕರೆಂಟ್ ಎಲ್ಲವೂ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದವು.

ಆ ಕಾಯ್ದೆಯ ವ್ಯಾಖ್ಯೆಗಳ ಭಾಗದಲ್ಲಿ ಒಂದು ಸಾಲು ಇದೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ರಾಜ್ಯದೊಳಗೆ ಬಳಸುವ ಕರೆಂಟನ್ನು ಎಲ್ಲಿ ಉತ್ಪಾದಿಸಿದರೂ ಅದರ ಹೊಗೆ ರಾಜ್ಯದ ಲೆಕ್ಕಕ್ಕೇ ಸೇರುತ್ತದೆ ಎನ್ನುತ್ತದೆ ಆ ಸಾಲು. ತಂತಿಯಲ್ಲಿ ಸೋರಿಹೋಗುವ ಕರೆಂಟನ್ನೂ ಬಿಟ್ಟಿಲ್ಲ. ಯಾಕೆ ಹೀಗೆ? ಕ್ಯಾಲಿಫೋರ್ನಿಯಾ ತನ್ನ ನೆಲದಲ್ಲಿ ದೊಡ್ಡ ಕಲ್ಲಿದ್ದಲು ಸ್ಥಾವರಗಳನ್ನು ಕಟ್ಟಿಕೊಂಡಿರಲಿಲ್ಲ. ಪಕ್ಕದ ರಾಜ್ಯಗಳಲ್ಲಿ ಕಟ್ಟಿಸಿ, ಉದ್ದುದ್ದ ತಂತಿ ಎಳೆದು ತರಿಸಿಕೊಳ್ಳುತ್ತಿತ್ತು. ಲಾಸ್ ಏಂಜಲೀಸ್ ನಗರಕ್ಕೆ ಯೂಟಾದ ಇಂಟರ್‌ಮೌಂಟನ್ ಸ್ಥಾವರದಿಂದ ದಶಕಗಳ ಕಾಲ ಕಲ್ಲಿದ್ದಲಿನ ಕರೆಂಟ್ ಹರಿದು ಬಂತು. ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಕಂಪನಿಗೆ ನ್ಯೂ ಮೆಕ್ಸಿಕೋದ ಫೋರ್ ಕಾರ್ನರ್ಸ್‌ನಲ್ಲಿ ಪಾಲಿತ್ತು. ಚಿಮಣಿ ಅಲ್ಲಿ, ಬಲ್ಬು ಇಲ್ಲಿ. ಆ ಸಾಲು ಇಲ್ಲದೇ ಹೋಗಿದ್ದರೆ ಗುರಿ ಮುಟ್ಟುವುದು ಬಲು ಸುಲಭವಿತ್ತು. ಕೊಳಕು ಕರೆಂಟನ್ನೆಲ್ಲ ಗಡಿಯಾಚೆಯಿಂದ ತರಿಸಿಕೊಂಡರೆ ಮುಗಿಯಿತು.

ಅದೇ ವರ್ಷ ಎಸ್‌ಬಿ 1368 ಎಂಬ ಇನ್ನೊಂದು ಕಾಯ್ದೆಯೂ ಬಂತು. ಅಷ್ಟೇನೂ ಸದ್ದು ಮಾಡದಿದ್ದರೂ ಕೆಲಸ ಮಾಡಿದ್ದು ಅದು. ಅದರಡಿ ಬಂದ ನಿಯಮದ ಪ್ರಕಾರ, ಹಗಲೂ ರಾತ್ರಿ ಓಡುವ ಸ್ಥಾವರವೊಂದು ಒಂದು ಮೆಗಾವಾಟ್-ಗಂಟೆಗೆ 1,100 ಪೌಂಡ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟರೆ, ಅದರ ಜೊತೆ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಹೊಸ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ನಮಗೆ ಗೊತ್ತಿರುವ ಲೆಕ್ಕದಲ್ಲಿ ಹೇಳುವುದಾದರೆ, ಯೂನಿಟ್ಟಿಗೆ ಸುಮಾರು ಅರ್ಧ ಕಿಲೋ. ಒಳ್ಳೆಯ ಗ್ಯಾಸ್ ಸ್ಥಾವರ ಇದನ್ನು ದಾಟುವುದಿಲ್ಲ. ಕಲ್ಲಿದ್ದಲು ಹತ್ತಿರ ಹತ್ತಿರ ಒಂದು ಕಿಲೋ ಬಿಡುತ್ತದೆ. ಕಲ್ಲಿದ್ದಲು ನಿಷೇಧ ಅಂತ ಎಲ್ಲೂ ಬರೆಯದೆಯೇ ಅದಕ್ಕೆ ಬಾಗಿಲು ಹಾಕಿದಂತಾಯಿತು. ಹಳೆಯ ಒಪ್ಪಂದಗಳು ಒಂದೊಂದಾಗಿ ಮುಗಿಯುತ್ತ ಹೋದವು. ಎಡಿಸನ್ ಕಂಪನಿ 2013ರ ಕೊನೆಗೆ ಫೋರ್ ಕಾರ್ನರ್ಸ್‌ನ ಪಾಲನ್ನು ಮಾರಿ ಹೊರಬಂತು.

ಇನ್ನೊಂದು ಕಡೆ, ಮಾರುವ ಕರೆಂಟಿನಲ್ಲಿ ಶೇಕಡಾ ಇಷ್ಟು ಸೌರ, ಪವನದಂಥ ಮೂಲಗಳಿಂದ ಬರಲೇಬೇಕು ಎಂಬ ನಿಯಮ 2002ರಿಂದಲೇ ಇತ್ತು. ಮೊದಲು ಶೇ. 20, 2011ರಲ್ಲಿ ಶೇ. 33, 2015ರಲ್ಲಿ ಶೇ. 50 ಅಂತ ಅದು ಏರುತ್ತ ಬಂತು. ಶೇಕಡಾವಾರು ಗುರಿ ಹೇಳಲು ಸುಲಭ, ಅಳೆಯಲೂ ಸುಲಭ. ಆದರೆ ಅದರಲ್ಲೊಂದು ತೂತಿದೆ. ಅರ್ಧ ಕರೆಂಟ್ ಸೂರ್ಯನಿಂದ ಬಂತು ಎಂದರೆ ಉಳಿದರ್ಧ ಎಲ್ಲಿಂದ ಬಂತು ಅನ್ನುವುದನ್ನು ಅದು ಹೇಳುವುದಿಲ್ಲ. ಸ್ಯಾನ್ ಓನೋಫ್ರೆ ಅಣು ಸ್ಥಾವರ 2012ರಲ್ಲಿ ನಿಂತಿತು. ಅದರ ಬೆನ್ನಿಗೇ ಬರ ಬಂದು ಜಲವಿದ್ಯುತ್ ಕುಸಿಯಿತು. ಆ ಜಾಗ ತುಂಬಲು ಗ್ಯಾಸ್ ಸ್ಥಾವರಗಳು ಹೆಚ್ಚು ಉರಿಯಬೇಕಾಯಿತು. ಶೇಕಡಾ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಟನ್ ಲೆಕ್ಕದಲ್ಲಿ ಕಾಣುತ್ತದೆ.

ಟನ್ ಲೆಕ್ಕ ವಿದ್ಯುತ್ ಯೋಜನೆಯ ಒಳಗೆ ಬಂದದ್ದು 2015ರ ಎಸ್‌ಬಿ 350 ಕಾಯ್ದೆಯಿಂದ. ಅದರ ಹುಟ್ಟಿನ ಕಥೆಯೇ ಚೌಕಾಸಿಯದ್ದು. ಮೂಲ ಮಸೂದೆಯಲ್ಲಿ ವಾಹನಗಳ ಪೆಟ್ರೋಲಿಯಂ ಬಳಕೆಯನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಮಾತೂ ಇತ್ತು. ತೈಲ ಕಂಪನಿಗಳು ಜೋರಾಗಿ ವಿರೋಧಿಸಿದವು. ಸೆಪ್ಟೆಂಬರ್‌ನಲ್ಲಿ ಆ ಭಾಗವನ್ನು ಕೈಬಿಟ್ಟರು. ರಾಜ್ಯದಲ್ಲಿ ಅತಿ ಹೆಚ್ಚು ಅನಿಲ ಹೊರಬರುವುದು ವಾಹನಗಳಿಂದ, ಗುರಿ ಉಳಿದದ್ದು ಕರೆಂಟಿಗೆ! ಇದಕ್ಕೆ ಕಾರಣವೂ ಇದೆ ಅನ್ನಿ. ಕೋಟ್ಯಂತರ ಕಾರುಗಳ ಮಾಲೀಕರನ್ನು ಒಪ್ಪಿಸುವುದಕ್ಕಿಂತ ಕೆಲವೇ ಕಂಪನಿಗಳನ್ನು ಬಗ್ಗಿಸುವುದು ಸುಲಭ. ಮುಂದಿನ ವರ್ಷ ಎಸ್‌ಬಿ 32 ಬಂದು, 2030ಕ್ಕೆ ರಾಜ್ಯದ ಒಟ್ಟು ಹೊರಸೂಸುವಿಕೆ 1990ಕ್ಕಿಂತ ಶೇ. 40 ಕಡಿಮೆ ಇರಬೇಕು ಎಂದಿತು. ಒಟ್ಟು ಶೇ. 40 ಆದರೂ ಕರೆಂಟಿನ ಪಾಲಿಗೆ ಬಂದದ್ದು ಅದಕ್ಕಿಂತ ದೊಡ್ಡ ಕಡಿತ. ಏರ್ ಬೋರ್ಡ್ ವಿದ್ಯುತ್ ವಲಯಕ್ಕೆ ಕೊಟ್ಟ ಮಿತಿ 3 ಕೋಟಿಯಿಂದ 5.3 ಕೋಟಿ ಟನ್. ಅಂದರೆ 1990ಕ್ಕಿಂತ ಶೇ. 51ರಿಂದ 72ರಷ್ಟು ಕಡಿಮೆ.

ಮಿತಿ ಅಷ್ಟು ಅಗಲ ಇದ್ದಮೇಲೆ ಜಗಳ ಆಗಲೇಬೇಕಲ್ವಾ? ಪರಿಸರ ಸಂಘಟನೆಗಳು 3ರ ಕಡೆ ಎಳೆದವು. ಬಿಲ್ ಕಟ್ಟುವ ಜನರ ಮೇಲಿನ ಹೊರೆ ತೋರಿಸಿ ಇನ್ನು ಕೆಲವರು ಮೇಲಕ್ಕೆ ಎಳೆದರು. ಕಮಿಷನ್ 4.2ಕ್ಕೆ ನಿಂತಿತು. ಸರಿಯಾಗಿ ನಡುಮಧ್ಯ ಅಲ್ಲ, ನಡುವಿಗೆ ತೀರಾ ಹತ್ತಿರ. ತಮಾಷೆ ಅಂದರೆ, ಏರ್ ಬೋರ್ಡ್ ಈ ಮಿತಿಯನ್ನು ವಿದ್ಯುತ್ ವಲಯಕ್ಕೆಂದೇ ವಿಧಿವತ್ತಾಗಿ ಅಂಗೀಕರಿಸಿದ್ದು ಆ ವರ್ಷದ ಜುಲೈನಲ್ಲಿ, ಕಮಿಷನ್ ಸಂಖ್ಯೆ ಆರಿಸಿಕೊಂಡ ಐದು ತಿಂಗಳ ಮೇಲೆ.

ಸಂಖ್ಯೆ ಸಿಕ್ಕಿತು, ಈಗ ಹಂಚಬೇಕು. ಹಿಂದೆ ಮೂರು ದೊಡ್ಡ ಖಾಸಗಿ ಕಂಪನಿಗಳಿದ್ದವು, ಮಾತುಕತೆ ಸುಲಭವಿತ್ತು. ಆದರೆ 2002ರ ಒಂದು ಕಾಯ್ದೆ, ಊರುಗಳು ಒಟ್ಟಾಗಿ ತಮ್ಮ ಜನರಿಗೆ ತಾವೇ ಕರೆಂಟ್ ಖರೀದಿಸಲು ದಾರಿ ಮಾಡಿತ್ತು. ಇಂಥ ಸಮುದಾಯ ಸಂಸ್ಥೆಗಳು 2010ರ ನಂತರ ಬೆಳೆಯುತ್ತ ಹೋದವು. ಪ್ರತಿಯೊಬ್ಬರಿಗೂ ಅವರು ಮಾರುವ ಕರೆಂಟಿನ ಪ್ರಮಾಣಕ್ಕೆ ತಕ್ಕಂತೆ ಟನ್‌ಗಳ ಪಾಲು ಕೊಟ್ಟರು. ಆ ಪಾಲಿನೊಳಗೆ ಹೇಗೆ ನಿಭಾಯಿಸುತ್ತೀರಿ, ಯೋಜನೆ ಬರೆದು ತನ್ನಿ ಎಂದರು.

ಯೋಜನೆಯಲ್ಲಿ ಎಣಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಸಂಸ್ಥೆಯ ಗ್ರಾಹಕರು ದಿನಕ್ಕೆ 100 ಯೂನಿಟ್ ಬಳಸುತ್ತಾರೆ ಅಂದುಕೊಳ್ಳಿ. ಸಂಸ್ಥೆ 100 ಯೂನಿಟ್ ಸೌರ ವಿದ್ಯುತ್ ಖರೀದಿಸುತ್ತದೆ. ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಶುದ್ಧ. ಆದರೆ ಆ ಬಳಕೆಯಲ್ಲಿ 40 ಯೂನಿಟ್ ಸೂರ್ಯ ಮುಳುಗಿದ ಮೇಲಿನದು. ಆ ಹೊತ್ತಿನಲ್ಲಿ ಅದರ ಗ್ರಾಹಕರ ಫ್ಯಾನು ತಿರುಗಿಸುವುದು ಬಹುಪಾಲು ಗ್ಯಾಸ್. ಕಮಿಷನ್ ತಂದ ವಿಧಾನ ಗಂಟೆ ಗಂಟೆಗೂ ಲೆಕ್ಕ ಹಾಕುತ್ತದೆ. ಒಂದು ಗಂಟೆಯಲ್ಲಿ ಬಳಸಿದ್ದೆಷ್ಟು, ಅದೇ ಗಂಟೆಯಲ್ಲಿ ನಿನ್ನ ಶುದ್ಧ ಕರೆಂಟ್ ಎಷ್ಟು, ಕೊರತೆ ಬಿದ್ದಷ್ಟಕ್ಕೆ ಆ ಹೊತ್ತು ಗ್ರಿಡ್‌ನಲ್ಲಿ ಉರಿಯುವ ಗ್ಯಾಸಿನ ಟನ್ ನಿನ್ನ ತಲೆಗೆ. ಮಧ್ಯಾಹ್ನ ಇಡೀ ಗ್ರಿಡ್‌ಗೇ ಸೌರ ಕರೆಂಟ್ ಜಾಸ್ತಿಯಾಗಿ ಚೆಲ್ಲುವ ಗಂಟೆಯಲ್ಲಿ ಹೆಚ್ಚುವರಿ ಕೊಟ್ಟೆ ಎಂದರೆ ಅದಕ್ಕೆ ಮಾನ್ಯತೆ ಇಲ್ಲ. "ನಾವು ಪೂರ್ತಿ ಹಸಿರು" ಎಂದು ಹೇಳಿಕೊಳ್ಳುತ್ತಿದ್ದವರ ಪುಸ್ತಕದಲ್ಲೂ ಟನ್‌ಗಳು ಕಾಣಿಸಿಕೊಳ್ಳುವಂತೆ ಮಾಡಿದ ವಿಧಾನ ಇದು. ಅಷ್ಟಾಗಿಯೂ ಮೊದಲ ಸುತ್ತಿನಲ್ಲಿ ಎಲ್ಲರ ಯೋಜನೆಗಳನ್ನು ಕೂಡಿಸಿ ನೋಡಿದಾಗ ಗುರಿಗೆ ಸಾಲಲಿಲ್ಲ. 2019ರಲ್ಲಿ ಕಮಿಷನ್ ಅದನ್ನು ಪಕ್ಕಕ್ಕಿಟ್ಟು, ಯಾವ ಮೂಲದಿಂದ ಎಷ್ಟು ಕರೆಂಟ್ ಬೇಕು ಎಂಬ ತನ್ನದೇ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡಿತು.

2020ರ ಮಾರ್ಚ್‌ನಲ್ಲಿ ಸಂಖ್ಯೆ ಕೆಳಗಿಳಿಯುವ ಬದಲು 4.6 ಕೋಟಿಗೆ ಏರಿತು. ಕಾರ್ಖಾನೆಗಳು ತಮ್ಮ ಅಂಗಳದಲ್ಲೇ ಶಾಖದ ಜೊತೆ ಮಾಡಿಕೊಳ್ಳುವ ಕರೆಂಟನ್ನು ಯಾವ ವಲಯಕ್ಕೆ ಸೇರಿಸುತ್ತೀರಿ ಅನ್ನುವುದರ ಮೇಲೇ ಇಂಥ ಸಂಖ್ಯೆ ಹಿಗ್ಗಬಹುದು, ಕುಗ್ಗಬಹುದು. ಹಾಗಾಗಿ ಎರಡು ವರ್ಷದ ಸಂಖ್ಯೆಗಳನ್ನು ಸುಮ್ನೆ ಅಕ್ಕಪಕ್ಕ ಇಟ್ಟು ನೋಡುವುದು ಅಪಾಯ. ಆದರೂ ಪರಿಸರದ ಪರ ಇದ್ದವರು ತಕರಾರು ಎತ್ತಿದರು. ಕಮಿಷನ್ ಒಂದು ಬಾಗಿಲು ತೆರೆದಿಟ್ಟಿತ್ತು: 4.6ರ ಯೋಜನೆಯ ಜೊತೆಗೆ 3.8ರದ್ದೂ ತನ್ನಿ ಎಂದಿತ್ತು.

ಆ ಆಗಸ್ಟ್‌ನಲ್ಲಿ ಚರ್ಚೆಯ ದಿಕ್ಕೇ ಬದಲಾಯಿತು. ಅಮೆರಿಕದ ಪಶ್ಚಿಮ ಭಾಗ ಇಡೀ ಸೆಕೆಯಲ್ಲಿ ಬೇಯುತ್ತಿತ್ತು. ಆಗಸ್ಟ್ 14 ಮತ್ತು 15ರ ಸಂಜೆ, ಸೌರ ವಿದ್ಯುತ್ ಇಳಿಯುತ್ತಿದ್ದಂತೆ ಗ್ರಿಡ್ ನಿರ್ವಾಹಕರು ಸರದಿಯ ಮೇಲೆ ಕರೆಂಟ್ ತೆಗೆಸಿದರು. 2000-01ರ ಬಿಕ್ಕಟ್ಟಿನ ನಂತರ ಇಂಥ ಲೋಡ್ ಶೆಡ್ಡಿಂಗ್ ಅದೇ ಮೊದಲು. ಸೌರವೇ ತಪ್ಪಿತಸ್ಥ ಅಂತ ಕೂಗೆದ್ದಿತು. ಸರ್ಕಾರಿ ಸಂಸ್ಥೆಗಳ ಜಂಟಿ ವರದಿ ಹೇಳಿದ್ದು ಬೇರೆ. ವಿಪರೀತ ಬಿಸಿಲು ಒಂದು ಕಾರಣ. ಮಾರುಕಟ್ಟೆಯ ಕೆಲವು ಪದ್ಧತಿಗಳು ಇನ್ನೊಂದು. ಮೂರನೆಯದು, ಸೂರ್ಯ ಮುಳುಗಿದ ಮೇಲಿನ ಗಂಟೆಗಳಿಗೆ ತಕ್ಕ ಸಿದ್ಧತೆ ಯೋಜನೆಯಲ್ಲೇ ಇರಲಿಲ್ಲ. ಟನ್ ಲೆಕ್ಕದಲ್ಲಿ ಕಾಡುತ್ತಿದ್ದ ಗಂಟೆಗಳೇ ಇಲ್ಲೂ ಕೈಕೊಟ್ಟಿದ್ದವು.

ಅಲ್ಲಿಂದಾಚೆ ಟನ್ ಕಡಿಮೆ ಮಾಡುವುದು, ಕರೆಂಟ್ ಹೋಗದಂತೆ ನೋಡಿಕೊಳ್ಳುವುದು ಒಂದೇ ಕಡತಕ್ಕೆ ಬಂದವು. 2021ರ ಜೂನ್‌ನಲ್ಲಿ ಕಮಿಷನ್ 11,500 ಮೆಗಾವಾಟ್ ಹೊಸ ಸಾಮರ್ಥ್ಯ ಖರೀದಿಸಲು ಆದೇಶಿಸಿತು. ಬ್ಯಾಟರಿಗಳು ಸಾಲುಗಟ್ಟಿ ಬಂದವು. 2024ರಲ್ಲಿ ರಾಜ್ಯದ ಬ್ಯಾಟರಿ ಸಾಮರ್ಥ್ಯ 10,000 ಮೆಗಾವಾಟ್ ದಾಟಿತು. 2022ರ ಫೆಬ್ರವರಿಯಲ್ಲಿ 2030ರ ಗುರಿ 3.8 ಕೋಟಿ ಟನ್‌ಗೆ, 2032ರದ್ದು 3.5ಕ್ಕೆ ಇಳಿಯಿತು. 2024ರ ಫೆಬ್ರವರಿಯ ತೀರ್ಮಾನ 2035ಕ್ಕೆ 2.5 ಕೋಟಿ ಎಂದಿತು. ಈ ನಡುವೆ 2022ರ ಸೆಪ್ಟೆಂಬರ್ 6ರಂದು ಬೇಡಿಕೆ 52,061 ಮೆಗಾವಾಟ್‌ನ ದಾಖಲೆ ಮುಟ್ಟಿತು. ಅಂದು ಜನರ ಫೋನ್‌ಗಳಿಗೆ ತುರ್ತು ಸಂದೇಶ ಹೋಯಿತು, ಲೋಡ್ ಶೆಡ್ಡಿಂಗ್ ತಪ್ಪಿತು. ಅದೇ ವರ್ಷ, 2025ರೊಳಗೆ ಮುಚ್ಚಬೇಕಿದ್ದ ಡಯಾಬ್ಲೊ ಕ್ಯಾನ್ಯನ್ ಅಣು ಸ್ಥಾವರವನ್ನು ಇನ್ನೂ ಐದು ವರ್ಷ ಓಡಿಸಲು ಶಾಸಕಾಂಗ ಒಪ್ಪಿತು.

ಈಗ ಗುರಿಯ ಮುಂದಿರುವ ಕಗ್ಗಂಟು 2015ರಲ್ಲಿ ಕೈಬಿಟ್ಟ ಪೆಟ್ರೋಲಿನದೇ. ಕಾರುಗಳು ಬ್ಯಾಟರಿಗೆ ಬದಲಾದಂತೆ ಸಾರಿಗೆಯ ಪುಸ್ತಕದಿಂದ ಟನ್‌ಗಳು ಕಡಿಮೆಯಾಗುತ್ತವೆ, ಅದರಲ್ಲೊಂದು ಪಾಲು ಕರೆಂಟಿನ ಪುಸ್ತಕಕ್ಕೆ ಬಂದು ಕೂರುತ್ತದೆ. ಮನೆಗಳ ಗ್ಯಾಸ್ ಹೀಟರ್ ಹೋಗಿ ವಿದ್ಯುತ್ ಹೀಟರ್ ಬಂದಾಗಲೂ ಅಷ್ಟೇ. ರಾಜ್ಯಕ್ಕೆ ಒಟ್ಟಾರೆ ಲಾಭವೇ. ಕರೆಂಟ್ ಮಾರುವ ಸಂಸ್ಥೆಗೆ ಮಾತ್ರ ಹೆಚ್ಚು ಯೂನಿಟ್ ಕೊಟ್ಟು ಕಡಿಮೆ ಟನ್ ತೋರಿಸಬೇಕು. ಕಾರುಗಳು ಚಾರ್ಜಿಗೆ ನಿಲ್ಲುವುದು ಮಧ್ಯಾಹ್ನವೋ, ಕೆಲಸ ಮುಗಿಸಿ ಮನೆಗೆ ಬಂದ ಸಂಜೆಯೋ ಎಂಬುದರ ಮೇಲೆ ಆ ಲೆಕ್ಕ ಎಷ್ಟು ಬಿಗಿಯಾಗುತ್ತದೆ ಅನ್ನುವುದು ನಿಂತಿದೆ. ಅದಕ್ಕೇ ಯೋಜನೆ ಹಾಕುವವರು ಈಗ ಸ್ಥಾವರಗಳಷ್ಟೇ ಗಮನವನ್ನು ಸಂಜೆಯ ಕರೆಂಟ್ ದರದ ಮೇಲೂ ಇಟ್ಟಿದ್ದಾರೆ.