ವಿಮಾನ ಟಿಕೆಟ್ ದರದೊಳಗೆ ಅಡಗಿರುವ ಡಾಲರ್

ಎರಡು ದೇಶಗಳ ನಡುವೆ ಹಾರುವ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತ ಇಬ್ಬರು ಬೇರೆ ಬೇರೆ ಬೆಲೆ ಕೊಟ್ಟಿರುತ್ತಾರೆ. ಒಬ್ಬರು ಮೊದಲೇ ಬುಕ್ ಮಾಡಿದ್ದರು, ಇನ್ನೊಬ್ಬರು ಕೊನೇ ಗಳಿಗೆಯಲ್ಲಿ ಮಾಡಿದರು ಅನ್ನುವ ಕಾರಣ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಕಾರಣ ಇನ್ನೊಂದಿದೆ. ಒಬ್ಬರ ಪ್ರಯಾಣ ಈ ತುದಿಯಿಂದ ಶುರುವಾಗಿದೆ, ಇನ್ನೊಬ್ಬರದು ಆ ತುದಿಯಿಂದ. ಅಂತಾರಾಷ್ಟ್ರೀಯ ಟಿಕೆಟ್‌ನ ದರ ಹಾಕುವುದು ಪ್ರಯಾಣ ಶುರುವಾಗುವ ದೇಶದ ಲೆಕ್ಕದಲ್ಲಿ. ಎರಡೂ ಕಡೆಯ ಹಣದ ಬೆಲೆ ಏರಿಳಿದ ಹಾಗೆ ಈ ಎರಡು ದರಗಳ ನಡುವಿನ ಅಂತರವೂ ಬದಲಾಗುತ್ತದೆ.

ಒಂದು ಕಾಲದಲ್ಲಿ ಈ ತಲೆನೋವು ಇರಲಿಲ್ಲ. 1944ರ ಬ್ರೆಟನ್ ವುಡ್ಸ್ ಒಪ್ಪಂದ ಮುಖ್ಯ ಹಣಗಳನ್ನೆಲ್ಲ ಡಾಲರ್‌ಗೆ, ಡಾಲರನ್ನು ಚಿನ್ನಕ್ಕೆ ಕಟ್ಟಿಹಾಕಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಹವಾನಾದಲ್ಲಿ ವಿಮಾನ ಕಂಪನಿಗಳ ಸಂಘ ಐಎಟಿಎ ಹುಟ್ಟಿತು. ಕಂಪನಿಗಳು ಒಟ್ಟಿಗೆ ಕೂತು ದರ ಒಪ್ಪಿಕೊಳ್ಳುತ್ತಿದ್ದವು, ಸರ್ಕಾರಗಳು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದವು. ದರಗಳನ್ನು ಡಾಲರ್ ಮತ್ತು ಪೌಂಡ್‌ನಲ್ಲಿ ಬರೆದಿಟ್ಟರೆ ಸಾಕಿತ್ತು, ಏಕೆಂದರೆ ಇವೆರಡರ ನಡುವಿನ ದರ ವರ್ಷಗಟ್ಟಲೆ ಕದಲುತ್ತಿರಲಿಲ್ಲ. ಆದರೂ ದೊಡ್ಡ ಪೆಟ್ಟೊಂದು ಬಿದ್ದದ್ದು 1967ರ ನವೆಂಬರ್‌ನಲ್ಲಿ. ಬ್ರಿಟನ್ ತನ್ನ ಪೌಂಡ್ ಬೆಲೆಯನ್ನು 2.80 ಡಾಲರ್‌ನಿಂದ 2.40ಕ್ಕೆ ಇಳಿಸಿತು. ಪೌಂಡ್‌ನಲ್ಲಿ ಬರೆದ ದರವನ್ನು ಹಾಗೇ ಬಿಟ್ಟರೆ, ಡಾಲರ್ ಲೆಕ್ಕದಲ್ಲಿ ಅದು ರಾತ್ರೋರಾತ್ರಿ ಶೇ 14ರಷ್ಟು ಅಗ್ಗ!

ಆಮೇಲೆ ಕಟ್ಟೇ ಬಿಚ್ಚಿಹೋಯಿತು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರ್ ಮತ್ತು ಚಿನ್ನದ ನಂಟು ಕಡಿದರು. 1973ರ ಹೊತ್ತಿಗೆ ದೊಡ್ಡ ದೇಶಗಳ ಹಣವೆಲ್ಲ ಮಾರುಕಟ್ಟೆಯಲ್ಲಿ ತೇಲುತ್ತಿತ್ತು. ದಿನಾ ಬದಲಾಗುವ ಹತ್ತಾರು ಹಣಗಳಲ್ಲಿ ಒಂದೇ ಟಿಕೆಟ್‌ಗೆ ದರ ಕಟ್ಟುವುದು ಹೇಗೆ? ಒಬ್ಬ ಪ್ರಯಾಣಿಕ ನಾಲ್ಕು ದೇಶ ಸುತ್ತಿ ಬರುತ್ತಾನೆ ಅಂದರೆ ನಾಲ್ಕು ಹಣಗಳನ್ನು ಕೂಡಿಸಬೇಕು. ಇದಕ್ಕೆ ಐಎಟಿಎ ಒಂದು ಲೆಕ್ಕದ ಹಣವನ್ನೇ ಹುಟ್ಟುಹಾಕಿತು. ಯಾರ ಜೇಬಿಗೂ ಬರದ, ಕಾಗದದ ಮೇಲಷ್ಟೇ ಇರುವ ಹಣ ಅದು. 1989ರ ಜುಲೈನಿಂದ ಅದರ ಹೆಸರು ಎನ್‌ಯುಸಿ (NUC). ಹೆಸರಿಗೆ ಅದು ಯಾವ ದೇಶಕ್ಕೂ ಸೇರದ ಘಟಕ. ಬೆಲೆ ಮಾತ್ರ ಒಂದು ಎನ್‌ಯುಸಿಗೆ ಸರಿಯಾಗಿ ಒಂದು ಅಮೆರಿಕನ್ ಡಾಲರ್.

ಇದನ್ನು ಈಗಲೂ ಕಣ್ಣಾರೆ ನೋಡಬಹುದು. ಹಲವು ಇ-ಟಿಕೆಟ್‌ಗಳ ಕೆಳಭಾಗದಲ್ಲಿ ದರದ ಲೆಕ್ಕ ಅಂತ ಒಂದು ಉದ್ದನೆಯ ಸಾಲು ಇರುತ್ತದೆ. ಊರುಗಳ ಮೂರಕ್ಷರದ ಕೋಡ್, ಕಂಪನಿಯ ಕೋಡ್, ನಡುವೆ ಅಂಕಿಗಳು, ಕೊನೆಗೆ ಎನ್‌ಯುಸಿಯಲ್ಲಿ ಒಟ್ಟು ಮೊತ್ತ. ಅದರ ಪಕ್ಕದಲ್ಲೇ ಆರ್‌ಒಇ (ROE) ಎಂಬ ಮೂರು ಅಕ್ಷರ, ಆಮೇಲೆ ಒಂದು ಸಂಖ್ಯೆ. ಆ ಸಂಖ್ಯೆಯೇ ಐಎಟಿಎ ಆಗಾಗ ಹೊರಡಿಸುವ ವಿನಿಮಯ ದರ. ಎನ್‌ಯುಸಿ ಮೊತ್ತವನ್ನು ಅದರಿಂದ ಗುಣಿಸಿದರೆ ಪ್ರಯಾಣ ಶುರುವಾಗುವ ದೇಶದ ಹಣದಲ್ಲಿ ಮೂಲ ದರ ಸಿಗುತ್ತದೆ. ಅದರ ಮೇಲೆ ವಿಮಾನ ನಿಲ್ದಾಣದ ಶುಲ್ಕ, ತೆರಿಗೆ. ಅವೂ ಆಯಾ ದೇಶದ ಹಣದಿಂದ ಪರಿವರ್ತನೆಯಾಗಿಯೇ ಬರುತ್ತವೆ.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಣ ಗಟ್ಟಿಯಾಗಿರುವ ದೇಶಗಳಲ್ಲಿ ದರವನ್ನು ಅಲ್ಲಿನ ಹಣದಲ್ಲೇ ನಿಗದಿ ಮಾಡುತ್ತಾರೆ. ವಿನಿಮಯ ದರ ಸ್ವಲ್ಪ ಅಲುಗಾಡಿದರೂ ಕಂಪನಿ ತಾನಾಗಿ ಬದಲಿಸುವವರೆಗೆ ಟಿಕೆಟ್ ದರ ಅಷ್ಟೇ. ಹಣ ಪದೇ ಪದೇ ಕುಸಿಯುವ ಎಷ್ಟೋ ದೇಶಗಳಲ್ಲಿ ದರ ಇರುವುದೇ ಡಾಲರ್‌ನಲ್ಲಿ. ಟಿಕೆಟ್ ಕೊಟ್ಟ ದಿನದ ಬ್ಯಾಂಕ್ ದರದಲ್ಲಿ ಅದನ್ನು ಸ್ಥಳೀಯ ಹಣಕ್ಕೆ ತಿರುಗಿಸುತ್ತಾರೆ. ಅಲ್ಲಿ ಹಣ ಬಿದ್ದರೆ ಟಿಕೆಟ್ ಅವತ್ತೇ ದುಬಾರಿ. ಸಂಬಳ ಮಾತ್ರ ಹಳೆಯದೇ, ಅಲ್ವಾ? ಇದೇ ನನಗೆ ತುಂಬಾ ಅನ್ಯಾಯ ಅನಿಸುತ್ತದೆ.

ಸ್ಥಳೀಯ ಹಣದ ದರವೂ ಪ್ರಯಾಣಿಕನ ಪರ ಇರುತ್ತದೆ ಅಂತೇನಿಲ್ಲ. ಡಾಲರ್ ಬೆಲೆ ಇಳಿಸಲು ದೊಡ್ಡ ದೇಶಗಳು 1985ರ ಸೆಪ್ಟೆಂಬರ್‌ನಲ್ಲಿ ಮಾಡಿಕೊಂಡ ಪ್ಲಾಜಾ ಒಪ್ಪಂದಕ್ಕೆ ಮುಂಚೆ ಒಂದು ಡಾಲರ್‌ಗೆ ಸುಮಾರು 240 ಯೆನ್ ಇತ್ತು. 1987ರ ಕೊನೆಗೆ ಅದು 120ರ ಆಸುಪಾಸಿಗೆ ಬಂತು. 2,40,000 ಯೆನ್‌ನ ಟಿಕೆಟ್ ಮೊದಲು 1,000 ಡಾಲರ್‌ಗೆ ಸಮ. ದರ ಹಾಗೇ ನಿಂತರೆ ಆಮೇಲೆ 2,000 ಡಾಲರ್‌ಗೆ ಸಮ. ಅದೇ ಮಾರ್ಗದಲ್ಲಿ ಅಮೆರಿಕದಿಂದ ಜಪಾನಿಗೆ ಬರುವವರ ದರ ಡಾಲರ್‌ನಲ್ಲಿತ್ತು, ಅದು ಹೀಗೆ ದುಪ್ಪಟ್ಟಾಗಲಿಲ್ಲ. ಜಪಾನಿನಲ್ಲಿ ದರ ಇಳಿಸಿದ ಮೇಲೂ ಅಂತರ ಪೂರ್ತಿ ಹೋಗಲಿಲ್ಲ. ಹಾಗಾಗಿ ಜನ ಬೇರೆ ದೇಶದಿಂದ ಶುರುವಾಗುವ ಟಿಕೆಟ್ ತರಿಸಿಕೊಂಡು, ಮೊದಲ ಹಂತವನ್ನು ಬಿಟ್ಟು, ಜಪಾನಿನಿಂದ ವಿಮಾನ ಹತ್ತತೊಡಗಿದರು. ಕಂಪನಿಗಳು ಸಿಟ್ಟಾದವು. ಜನರ ಜಾಗದಲ್ಲಿ ನಿಂತು ನೋಡಿದರೆ ಅವರು ಮಾಡಿದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಇನ್ನು ಖರ್ಚಿನ ಕಡೆ. ಕಚ್ಚಾ ತೈಲದ ವ್ಯಾಪಾರ ಡಾಲರ್‌ನಲ್ಲಿ. ವಿಮಾನದ ಖರೀದಿ, ಬಾಡಿಗೆ, ಬಿಡಿಭಾಗ ಎಲ್ಲ ಬಹುತೇಕ ಡಾಲರ್‌ನಲ್ಲೇ. ಬೇರೆ ಹಣದಲ್ಲಿ ಗಳಿಸುವ ಕಂಪನಿಗೆ ಡಾಲರ್ ಏರಿದಾಗ ಒಟ್ಟಿಗೆ ಎಲ್ಲ ಖರ್ಚೂ ಏರುತ್ತದೆ. 2008ರ ಜುಲೈನಲ್ಲಿ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಆಗ ಒಂದು ಯೂರೋಗೆ ಸುಮಾರು 1.60 ಡಾಲರ್ ಸಿಗುತ್ತಿತ್ತು, ಯುರೋಪಿನವರಿಗೆ ಪೆಟ್ಟು ಕಡಿಮೆ ತಗುಲಿತು. 2022ರಲ್ಲಿ ತೈಲವೂ ತುಟ್ಟಿ, ಡಾಲರ್ ಕೂಡ ತುಟ್ಟಿ. ಜುಲೈನಲ್ಲಿ ಯೂರೋ ಒಂದು ಡಾಲರ್‌ಗೆ ಇಳಿಯಿತು, ಅಕ್ಟೋಬರ್‌ನಲ್ಲಿ ಒಂದು ಡಾಲರ್‌ನ ಬೆಲೆ 150 ಯೆನ್ ದಾಟಿತು. ಪೆಟ್ಟು ಎರಡೂ ಕಡೆಯಿಂದ ಬಿತ್ತು.

ಇದಕ್ಕಿಂತ ಕಷ್ಟದ ಸ್ಥಿತಿ, ಟಿಕೆಟ್ ಮಾರಿದ ಹಣ ದೇಶದಲ್ಲೇ ಸಿಕ್ಕಿಬೀಳುವುದು. ವೆನೆಜುವೆಲಾದಲ್ಲಿ ಕಂಪನಿಗಳು ಅಲ್ಲಿನ ಹಣವಾದ ಬೊಲಿವರ್‌ನಲ್ಲಿ ಟಿಕೆಟ್ ಮಾರಿದವು. ಅದನ್ನು ಡಾಲರ್ ಮಾಡಿ ಹೊರಗೆ ಒಯ್ಯಲು ಸರ್ಕಾರ ಬಿಡಲಿಲ್ಲ. ಹೀಗೆ ಸಿಕ್ಕಿಬಿದ್ದದ್ದು ಸುಮಾರು 380 ಕೋಟಿ ಡಾಲರ್. 2014ರಲ್ಲಿ ಏರ್ ಕೆನಡಾ, ಅಲಿಟಾಲಿಯಾ ತಮ್ಮ ಸೇವೆ ನಿಲ್ಲಿಸಿದವು. ನೈಜೀರಿಯಾದಲ್ಲೂ ಇದೇ ಕಾರಣಕ್ಕೆ ಎಮಿರೇಟ್ಸ್ 2022ರಲ್ಲಿ ಹಾರಾಟ ನಿಲ್ಲಿಸಿ, ಎರಡು ವರ್ಷದ ಮೇಲೆ 2024ರ ಅಕ್ಟೋಬರ್‌ನಲ್ಲಿ ಮರಳಿತು. ವಿಮಾನ ಕಡಿಮೆಯಾದರೆ ಉಳಿದ ಸೀಟುಗಳ ಬೆಲೆ ಏರುತ್ತದೆ. ಹಣ ಯಾವಾಗ ಕೈಸೇರುತ್ತದೋ, ಅಷ್ಟರಲ್ಲಿ ಅದರ ಬೆಲೆ ಎಷ್ಟಾಗಿರುತ್ತದೋ ಅನ್ನುವ ಭಯವನ್ನೂ ಕಂಪನಿಗಳು ದರದಲ್ಲೇ ಸೇರಿಸುತ್ತವೆ. ಡಾಲರ್ ಹೊರಹೋಗದಂತೆ ಸರ್ಕಾರಗಳೂ ಪ್ರಯಾಣಿಕನನ್ನೇ ಹಿಡಿಯುತ್ತವೆ. ಅರ್ಜೆಂಟೀನಾ 2021ರ ನವೆಂಬರ್‌ನಲ್ಲಿ ವಿದೇಶಿ ಟಿಕೆಟ್‌ಗಳನ್ನು ಕ್ರೆಡಿಟ್ ಕಾರ್ಡ್ ಕಂತುಗಳಲ್ಲಿ ಕೊಳ್ಳುವುದನ್ನೇ ತಡೆಯಿತು.

ಹಾಗಾಗಿ ಟಿಕೆಟ್ ಕೊಳ್ಳುವಾಗ ಮೂಲ ದರ ಯಾವ ಹಣದಲ್ಲಿದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಡಾಲರ್‌ನಲ್ಲಿದ್ದು, ನಿಮ್ಮ ಹಣ ಕುಸಿಯುತ್ತಿದ್ದರೆ ಸುಮ್ನೆ ಕಾಯುವುದರಿಂದ ಲಾಭ ಸಿಗುವುದು ಕಷ್ಟ. ಕಾರ್ಡ್‌ನಲ್ಲಿ ವಿದೇಶಿ ಹಣ ಕಟ್ಟಿದರೆ ಬ್ಯಾಂಕಿನ ಪರಿವರ್ತನೆ ಶುಲ್ಕವೂ ಸೇರಬಹುದು. ಪ್ರಯಾಣ ರದ್ದಾದರೆ ಹಣ ವಾಪಸ್ ಬರುವುದು ಸಾಮಾನ್ಯವಾಗಿ ನೀವು ಕಟ್ಟಿದ ಹಣದಲ್ಲೇ. ಅದು ಬರುವಷ್ಟರಲ್ಲಿ ಡಾಲರ್ ಏರಿದ್ದರೆ, ಆ ಮೊತ್ತದಲ್ಲಿ ಅದೇ ಟಿಕೆಟ್ ಮತ್ತೆ ಕೊಳ್ಳಲು ಆಗುವುದಿಲ್ಲ.